ಜರ್ಮನಿಗೆ ಹೊರಟ ನಮ್ಮ ಮಕ್ಕಳು, ಅಲ್ಲಿಯ ಎರಡು ಭಾಷೆಯ ಬೋರ್ಡು



ಬ್ಯಾಂಕಿನ ಕೌಂಟರಿನಲ್ಲಿ ಕೂತವರಿಗೆ ಊರಿನ ಮಕ್ಕಳು ಯಾವ ದಿಕ್ಕಿಗೆ ಹೊರಟಿದ್ದಾರೆ ಅನ್ನುವುದು ಬೇಗ ಗೊತ್ತಾಗುತ್ತದೆ. ನಾವು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಾಸರಗೋಡಿನ ಕಡೆ ಎನ್‌ಆರ್‌ಐ ಖಾತೆ ಅಂದರೆ ಗಲ್ಫ್ ಅಂತಲೇ ಲೆಕ್ಕ. ದುಬೈ, ಶಾರ್ಜಾ, ದೋಹಾ. ಈಗ ಕೆಲವು ವರ್ಷದಿಂದ ಬೇರೆ ಹೆಸರು ಕೇಳಿಸ್ತಾ ಉಂಟು. "ಜರ್ಮನಿಗೆ ಹೋಗ್ಲಿಕ್ಕುಂಟು ಸಾರ್, ಲೋನ್ ಸಿಗಬಹುದಾ?" ಕೇಳುವವರು ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗ ಹುಡುಗಿಯರು. ಹಿಂದೆ ಅಪ್ಪನೋ ಮಾವನೋ ನಿಂತಿರುತ್ತಾರೆ, ಪ್ಲಾಸ್ಟಿಕ್ ಕವರಿನಲ್ಲಿ ಜಾಗದ ಕಾಗದ ಹಿಡಿದುಕೊಂಡು.

ಹೋದ ವಾರ ಒಬ್ಬರು ತಂದೆ ಬಂದಿದ್ದರು. ಪೈವಳಿಕೆ ಕಡೆಯ ಸಣ್ಣ ಅಡಿಕೆ ಕೃಷಿಕರು. ದೊಡ್ಡ ಮಗಳು ಜರ್ಮನಿಯಲ್ಲಿ ನರ್ಸ್. ಅವಳು ಕಳಿಸಿದ ಹಣದಲ್ಲಿ ಸಾಲದ ಕಂತು ಕಟ್ಟಿದರು. ರಶೀದಿ ಮಡಚಿ ಕಿಸೆಗೆ ಹಾಕುತ್ತಾ ಹೇಳಿದರು: "ಸಣ್ಣವನನ್ನು ಈ ವರ್ಷ ಕನ್ನಡ ಶಾಲೆಯಿಂದ ತೆಗೀತೇನೆ ಸಾರ್. ನಾಳೆ ಅವನೂ ಹೊರಗೆ ಹೋಗುವವನೇ. ಕನ್ನಡ ಹಿಡ್ಕೊಂಡು ಎಂತ ಮಾಡುವುದು?"

ಹಿಂದೆ ಕ್ಯೂ ಇತ್ತು, ನಾವು ಏನೂ ಹೇಳಲಿಲ್ಲ. ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಅವರೊಬ್ಬರಿಗೇ ಅಲ್ಲ, ಹೊಸೂರಿನಲ್ಲಿ, ತಾಳವಾಡಿಯಲ್ಲಿ, ಅಕ್ಕಲಕೋಟೆಯಲ್ಲಿ, ಜತ್ತದಲ್ಲಿ ಇದೇ ಮಾತು ಹೇಳುವ ಎಲ್ಲ ಅಪ್ಪ ಅಮ್ಮಂದಿರಿಗೂ.

ಮೊದಲು ಹೋಗುವ ಮಕ್ಕಳ ಕಷ್ಟ ಏನು ಅಂತ ತಿಳಿಯಬೇಕು. ಸ್ಟೇಟಸ್‌ನಲ್ಲಿ ಹಿಮ ಕಾಣುತ್ತದೆ, ರೈಲು ಕಾಣುತ್ತದೆ, ಕ್ರಿಸ್‌ಮಸ್ ಸಂತೆ ಕಾಣುತ್ತದೆ. ಉಳಿದದ್ದು ಕಾಣುವುದಿಲ್ಲ.

ದುಡ್ಡಿನದ್ದು ನಮಗೆ ಗೊತ್ತಿರುವ ವಿಷಯ, ಅದನ್ನು ಬೇಗ ಮುಗಿಸುತ್ತೇವೆ. ಓದಲಿಕ್ಕೆ ಹೋಗುವವರು ವೀಸಾಕ್ಕೆ ಮೊದಲೇ ಒಂದು ವರ್ಷದ ಖರ್ಚು ಅಲ್ಲಿಯ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ, ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿಗೂ ಮೇಲೆ. ಇಟ್ಟ ಹಣ ಅವರದ್ದೇ ಆದರೂ ತಿಂಗಳಿಗೆ 992 ಯೂರೋ ಮಾತ್ರ ತೆಗೆಯಬಹುದು. ಅಲ್ಲಿ ಕೆಲಸ ಕಲಿಯುತ್ತಾ ಓದುವ ಔಸ್‌ಬಿಲ್ಡುಂಗ್ ಅಂತ ಒಂದು ಪದ್ಧತಿ ಉಂಟು. ನರ್ಸಿಂಗಿನಲ್ಲಿ ಅದು ಮೂರು ವರ್ಷ, ಆ ಮೂರು ವರ್ಷವೂ ಸಂಬಳ ಬರುತ್ತದೆ. ಇಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರಿಗೆ ಕೇರಳ ಸರಕಾರದ ನೋರ್ಕಾ ರೂಟ್ಸ್ ಮತ್ತು ಜರ್ಮನಿಯ ಸರಕಾರಿ ಸಂಸ್ಥೆಗಳು ಸೇರಿ ನಡೆಸುವ ಟ್ರಿಪಲ್ ವಿನ್ ಯೋಜನೆ ಉಂಟು, ಅದರಲ್ಲಿ ನರ್ಸುಗಳಿಂದ ನೇಮಕಾತಿಗೆ ದುಡ್ಡು ತೆಗೆಯುವುದಿಲ್ಲ. ಆದರೂ ನಾಲ್ಕು ಲಕ್ಷ, ಐದು ಲಕ್ಷ ಕೇಳುವ ಏಜೆಂಟರ ಕೈಗೆ ಜನ ಬೀಳುತ್ತಾರೆ. ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ಕಾನೂನಿನಲ್ಲಿ ಮಿತಿ ಇದೆ: 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಇದನ್ನು ಓದುವವರು ದಯವಿಟ್ಟು ನಾಲ್ಕು ಜನರಿಗೆ ಹೇಳಿ.

ದುಡ್ಡಿಗಿಂತ ದೊಡ್ಡ ಕಷ್ಟ ಭಾಷೆಯದ್ದು.

ಜರ್ಮನ್ ಕಲಿಕೆಗೆ ಮೆಟ್ಟಿಲುಗಳಿವೆ. ಎ-1, ಎ-2, ಬಿ-1, ಬಿ-2, ಹೀಗೆ. ಆ ತಂದೆಯ ಮಗಳು ಬಿ-1 ಮುಗಿಸಿ ಹೋದವಳು. ಅಲ್ಲಿ ನರ್ಸ್ ಅಂತ ಮಾನ್ಯತೆ ಸಿಗಲು ಬಿ-2 ಬೇಕು. ಅಲ್ಲಿಯವರೆಗೆ ಸಹಾಯಕಿಯ ಕೆಲಸ, ಸಹಾಯಕಿಯ ಸಂಬಳ. ಇಲ್ಲಿ ಮೂರು ವರ್ಷ ಐಸಿಯುನಲ್ಲಿ ದುಡಿದಿದ್ದ ಹುಡುಗಿ ಅಲ್ಲಿ ಮೊದಲ ತಿಂಗಳುಗಳನ್ನು ರೋಗಿಗಳ ಮೈ ತೊಳೆಸುತ್ತಾ, ಊಟ ತಿನ್ನಿಸುತ್ತಾ ಕಳೆದಳು. ನಮ್ಮಲ್ಲಿ ಅದೆಲ್ಲ ಮನೆಯವರು ಮಾಡುವ ಕೆಲಸ. ಅಲ್ಲಿ ನರ್ಸಿನದ್ದೇ, ಮಾನ್ಯತೆ ಸಿಕ್ಕಿದ ಮೇಲೂ. ಇದನ್ನು ಇಲ್ಲಿಂದ ಹೋಗುವವರಿಗೆ ಯಾರೂ ಮೊದಲೇ ಹೇಳುವುದಿಲ್ಲ. ಹೋದ ಮೇಲೆ "ನಮ್ಮನ್ನು ಆಯಾ ಮಾಡಿದರು" ಅಂತ ಅಳುತ್ತಾರೆ.

ಅವಳ ಸಾಲದ ಕಾಗದ ಮಾಡಿದವರು ನಾವೇ ಆದ್ದರಿಂದ ಆಗಾಗ ವಾಟ್ಸಾಪಿನಲ್ಲಿ ವಾಯ್ಸ್ ಕಳಿಸುತ್ತಾಳೆ. ಅವಳ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತಿದ್ದೇವೆ. ಒಂದು ವಾಯ್ಸಿನಲ್ಲಿ ಹೇಳಿದಳು: "ವಾರ್ಡಿನಲ್ಲಿ ಫೋನ್ ರಿಂಗ್ ಆದ್ರೆ ನಾನು ಬಾತ್‌ರೂಮಿಗೆ ಹೋಗ್ತಿದ್ದೆ ಅಣ್ಣ. ಎದುರು ನಿಂತು ಮಾತಾಡಿದ್ರೆ ಮುಖ ನೋಡಿ ಅರ್ಧ ಅರ್ಥ ಮಾಡ್ಕೊಳ್ಬಹುದು. ಫೋನಿನಲ್ಲಿ ಮುಖ ಇಲ್ಲ ಅಲ್ವಾ." ಇನ್ನೊಮ್ಮೆ, ನಾಡಿ ಬಡಿತದ ಲೆಕ್ಕವನ್ನು ಯಾರೋ ಹೇಳಿದ್ದು ಕೇಳಿ 84ರ ಬದಲು 48 ಅಂತ ಬರೆದಳಂತೆ. ಜರ್ಮನ್ನಿನಲ್ಲಿ ಎಂಬತ್ತನಾಲ್ಕು ಅನ್ನುವುದಿಲ್ಲ, 'ನಾಲ್ಕು ಮತ್ತು ಎಂಬತ್ತು' ಅನ್ನುತ್ತಾರೆ. ಕಿವಿಗೆ ಮೊದಲು ಬಿದ್ದ ನಾಲ್ಕನ್ನು ಕೈ ಮೊದಲು ಬರೆಯಿತು. ಹಿರಿಯ ನರ್ಸ್ ನೋಡಿ ತಿದ್ದಿದರು, ಏನೂ ಆಗಲಿಲ್ಲ. ಆದರೆ ಆ ರಾತ್ರಿ ಅವಳಿಗೆ ನಿದ್ದೆ ಇಲ್ಲ. ಬ್ಯಾಂಕಿನವರಿಗೆ ಈ ಭಯ ಚೆನ್ನಾಗಿ ಗೊತ್ತು. ಸಂಜೆ ಕ್ಯಾಶ್ ಟ್ಯಾಲಿ ಆಗದೆ ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಅಂಕಿ ಅದಲು ಬದಲಾಗಿದೆ ಅಂತ ಹುಡುಕುತ್ತೇವೆ. ನಮ್ಮಲ್ಲಿ ಹೋದರೆ ಹಣ, ಅವಳಲ್ಲಿ ಹೋದರೆ ಜೀವ.

ಇನ್ನು ಕಚೇರಿಗಳು. ಮನೆ ಸಿಕ್ಕಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ವಿಮೆ, ತೆರಿಗೆ, ವೀಸಾ ಎಲ್ಲದರದ್ದೂ ಅಂಚೆಯಲ್ಲಿ ಕಾಗದ ಬರುತ್ತದೆ, ಉದ್ದುದ್ದ ಜರ್ಮನ್ ವಾಕ್ಯಗಳಲ್ಲಿ. ಕಚೇರಿಯ ಭಾಷೆ ಜರ್ಮನ್ ಅಂತ ಅವರ ಕಾನೂನೇ ಹೇಳುತ್ತದೆ. ವಿದೇಶಿಯರಿಗಾಗಿಯೇ ಇರುವ ಕಚೇರಿಯಲ್ಲೂ ಇಂಗ್ಲಿಷಿನಲ್ಲಿ ಉತ್ತರ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಭಾನುವಾರ ಅಂಗಡಿ ಇಲ್ಲ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಕತ್ತಲೆ. ಶನಿವಾರ ಅಕ್ಕಿ ತರಲು ಮರೆತ ಒಂದು ವಾರಾಂತ್ಯ ಅವಳು ಬ್ರೆಡ್ಡು ತಿಂದು ಕಳೆದಳು. ಅದನ್ನು ಮನೆಯಲ್ಲಿ ಹೇಳಿಲ್ಲ.

ಈಗ ಆ ತಂದೆಯ ಪ್ರಶ್ನೆಗೆ ಬರೋಣ. ಕನ್ನಡ ಹಿಡ್ಕೊಂಡು ಎಂತ ಮಾಡುವುದು?

ಅವರ ಮಗಳು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವಳು. ಮನೆಯ ಮಾತು ಹವ್ಯಕ, ಆಟದ ಮಾತು ತುಳು, ಶಾಲೆಯದ್ದು ಪುಸ್ತಕದ ಕನ್ನಡ, ಬಸ್ಸಿನದ್ದು ಮಲೆಯಾಳ. ಜರ್ಮನ್ ಕ್ಲಾಸಿನಲ್ಲಿ ಇಂಗ್ಲಿಷ್ ಮೀಡಿಯಮ್ಮಿನಿಂದ ಬಂದವರ ಜೊತೆ ಕೂತಾಗ ಮೊದಲು ಕೀಳರಿಮೆ ಇತ್ತಂತೆ. ಟೀಚರ್ ನಾಮಪದದ ರೂಪಗಳನ್ನು ಕಲಿಸಲು ಶುರು ಮಾಡಿದ ದಿನ ಅದು ತಿರುಗಿತು. ಜರ್ಮನ್ನಿನಲ್ಲಿ ನಾಲ್ಕು ವಿಭಕ್ತಿ. ನೊಮಿನಾಟಿವ್, ಅಕ್ಕುಜಾಟಿವ್, ಡಾಟಿವ್, ಗೆನಿಟಿವ್. ಕ್ಲಾಸಿನ ಅರ್ಧ ಜನ ತಲೆ ಕೆರೆದುಕೊಳ್ಳುತ್ತಿದ್ದರೆ ಇವಳು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡಳು: ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ. ಉ, ಅನ್ನು, ಗೆ, ಅ. ಎಲ್ಲ ಕಡೆಯೂ ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ, ಆದರೆ 'ಯಾರಿಗೆ ಕೊಟ್ಟೆ' ಅನ್ನುವಾಗ ಪದದ ರೂಪ ಯಾಕೆ ಬದಲಾಗುತ್ತದೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಂಟನೇ ಕ್ಲಾಸಿನ ಕನ್ನಡ ಪಂಡಿತರು ಆ ಕೆಲಸ ಆಗಲೇ ಮುಗಿಸಿದ್ದರು. 'ವೈಲ್', ಅಂದರೆ 'ಯಾಕೆಂದರೆ', ಬಂದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಓಡುತ್ತದೆ. ಇಂಗ್ಲಿಷಿನವರಿಗೆ ಅದು ವಿಚಿತ್ರ. ಕನ್ನಡದಲ್ಲಿ ಕ್ರಿಯಾಪದ ಇರುವುದೇ ಕೊನೆಯಲ್ಲಿ. ನೀನು, ನೀವು ಅನ್ನುವ ಭೇದ ಅಲ್ಲೂ ಉಂಟು, 'ಡೂ' ಮತ್ತು 'ಜೀ'. ರೋಗಿಗೆ ಯಾವುದು, ಗೆಳತಿಗೆ ಯಾವುದು ಅಂತ ಇವಳು ಒಮ್ಮೆಯೂ ತಪ್ಪಲಿಲ್ಲ.

ಒಂದು ತಮಾಷೆ ಹೇಳಲೇಬೇಕು. ಜರ್ಮನ್ನಿನಲ್ಲಿ ಹುಡುಗಿ ಅನ್ನುವ ಪದ, 'ಮೇಟ್‌ಶೆನ್', ನಪುಂಸಕ ಲಿಂಗ. ಕ್ಲಾಸೆಲ್ಲ ನಕ್ಕಿತಂತೆ, ಹುಡುಗಿಯನ್ನು 'ಅದು' ಅನ್ನುವುದಾ ಅಂತ. ಇವಳಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. ಹವ್ಯಕರ ಮನೆಯಲ್ಲಿ ಹೆಂಗಸರನ್ನು 'ಅದು' ಅನ್ನುವುದೇ ವಾಡಿಕೆ!

ಅಲ್ಲಿ ಹೋದ ಮೇಲೂ ಒಂದು ಕಾಪಾಡಿದ್ದು ಉಂಟು. ಪರೀಕ್ಷೆ ಪಾಸಾದ ಜರ್ಮನ್ ಬೇರೆ, ಎಂಬತ್ತು ವರ್ಷದ ಅಜ್ಜ ಹಲ್ಲಿನ ಸೆಟ್ ತೆಗೆದಿಟ್ಟು ಮಾತಾಡುವ ಸಾಕ್ಸನ್ ಆಡುಮಾತು ಬೇರೆ. ಜೊತೆಯವರು "ನಮಗೆ ಕಲಿಸಿದ್ದೆಲ್ಲ ಸುಳ್ಳು" ಅಂತ ಕೂತುಬಿಟ್ಟರು. ಪುಸ್ತಕದ ಭಾಷೆ ಒಂದು, ಅಂಗಳದ ಭಾಷೆ ಇನ್ನೊಂದು ಅನ್ನುವುದು ಕಾಸರಗೋಡಿನ ಮಗುವಿಗೆ ಹುಟ್ಟಿದಂದಿನಿಂದ ಗೊತ್ತು. ಎರಡರ ನಡುವೆ ಓಡಾಡುವುದು ನಮಗೆ ಅಭ್ಯಾಸ.

ಹಾಗಂತ ಕನ್ನಡ ಮಾಧ್ಯಮದಲ್ಲಿ ಓದಿದರೆ ಜರ್ಮನ್ ತಾನಾಗಿ ಬರುತ್ತದೆ ಅಂತ ನಾವು ಹೇಳುವುದಿಲ್ಲ. ಪ್ಲಸ್ ಟೂನಲ್ಲಿ ಇಂಗ್ಲಿಷಿಗೆ ಬಿದ್ದಾಗ ಅವಳು ಒಂದು ವರ್ಷ ಪಟ್ಟ ಪಾಡು ನಮಗೆ ಗೊತ್ತು. ನಾವು ಬಿ.ಕಾಂ.ಗೆ ಸೇರಿದಾಗ 'ಡಿಪ್ರಿಸಿಯೇಷನ್' ಅಂದರೆ ಸವಕಳಿ ಅಂತ ಯಾರೂ ಹೇಳದೆ ಮೂರು ತಿಂಗಳು ಬಾಯಿಪಾಠ ಹೊಡೆದವರು. ಹೇಳುವುದು ಇಷ್ಟೇ: ಒಂದು ಭಾಷೆಯನ್ನು ಬುಡದಿಂದ ಕಲಿತವನಿಗೆ ಇನ್ನೊಂದನ್ನು ಹಿಡಿಯಲು ಕೊಕ್ಕೆ ಇರುತ್ತದೆ. ಯಾವುದನ್ನೂ ಪೂರ್ತಿ ಕಲಿಯದೆ ಮನೆಯಲ್ಲೊಂದು, ಶಾಲೆಯಲ್ಲೊಂದು ಅರೆಬರೆ ಆದ ಮಗುವಿಗೆ ಅದು ಇರುವುದಿಲ್ಲ.

ಈಗ ಜರ್ಮನಿಯವರು ಏನು ಮಾಡುತ್ತಾರೆ ನೋಡಿ. ನೆಲೆಸಲು ಬಂದವರಿಗೆ "ಜರ್ಮನ್ ಕಲಿ" ಅಂತ ಕಡ್ಡಾಯವಾಗಿ ಹೇಳುತ್ತಾರೆ. ಅದರ ಜೊತೆ ಇಂಟಿಗ್ರೇಷನ್ ಕೋರ್ಸ್ ಅಂತ ಇಟ್ಟಿದ್ದಾರೆ. ಸಾಮಾನ್ಯ ಕೋರ್ಸಿನಲ್ಲಿ 600 ಗಂಟೆ ಭಾಷೆ, 100 ಗಂಟೆ ದೇಶದ ಕಾನೂನು, ಚರಿತ್ರೆ, ನಡವಳಿಕೆ. ಸಣ್ಣ ಪ್ರಾಯದವರಿಗೆ ಬೇರೆ ಕೋರ್ಸು ಇತ್ತು, ಅದರಲ್ಲಿ ಭಾಷೆಗೇ 900 ಗಂಟೆ ಇತ್ತು. ಇದು ಅವರಿಗೆ ಮೊದಲಿನಿಂದ ಇದ್ದ ಬುದ್ಧಿ ಅಲ್ಲ. 1961ರಲ್ಲಿ ತುರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಸಿದರು. 'ಅತಿಥಿ ಕೆಲಸಗಾರರು' ಅಂತ ಹೆಸರಿಟ್ಟರು. ಅತಿಥಿ ತಾನೆ, ನಾಳೆ ಹೋಗುತ್ತಾನೆ, ಭಾಷೆ ಯಾಕೆ ಕಲಿಸಬೇಕು ಅಂತ ಬಿಟ್ಟರು. ಅತಿಥಿಗಳು ಹೋಗಲಿಲ್ಲ, ಮಕ್ಕಳಾದರು, ಮಕ್ಕಳು ಶಾಲೆಯಲ್ಲಿ ಹಿಂದೆ ಬಿದ್ದರು. 1960ರ ದಶಕದಲ್ಲೇ ಕೇರಳದಿಂದ ಚರ್ಚುಗಳ ಮೂಲಕ ಹೋದ ನರ್ಸ್ ಹುಡುಗಿಯರ ಪಾಡೂ ಸುಲಭದ್ದಾಗಿರಲಿಲ್ಲ. ಇಂಟಿಗ್ರೇಷನ್ ಕೋರ್ಸು ಕಾನೂನಾಗಿ ಬಂದದ್ದು 2005ರಲ್ಲಿ. ನಲವತ್ತನಾಲ್ಕು ವರ್ಷ ಬೇಕಾಯಿತು ಅವರಿಗೆ, ಕಲಿ ಅನ್ನುವವನು ಕಲಿಸಲೂ ಬೇಕು ಅಂತ ತಿಳಿಯಲು.

ಇದನ್ನು ಓದುವಾಗ ನಮ್ಮ ಕಾಸರಗೋಡಿನ ಕನ್ನಡ ಮಗು ನೆನಪಾಗದೆ ಇರುವುದಿಲ್ಲ. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲೆಯಾಳ ಕಲಿಕೆ ಕಡ್ಡಾಯ ಅಂತ ಕಾನೂನು ಬಂತು. ನಾವೆಲ್ಲ ಬೀದಿಗೆ ಇಳಿದೆವು. ಇಳಿದದ್ದು ಸರಿ. ಆದರೆ ಆಗ ನಮ್ಮಲ್ಲಿ ಎರಡು ಮಾತು ಕಲಸಿಹೋಯಿತು. 'ನಮ್ಮ ಕನ್ನಡ ತೆಗೆಯಬೇಡಿ' ಅನ್ನುವುದು ಒಂದು, 'ನಮಗೆ ಮಲೆಯಾಳವೇ ಬೇಡ' ಅನ್ನುವುದು ಇನ್ನೊಂದು. ಮೊದಲನೆಯದು ಹಕ್ಕು. ಎರಡನೆಯದನ್ನು ಹೇಳಿ ನಾವು ನಮ್ಮ ಮಕ್ಕಳಿಗೇ ನಷ್ಟ ಮಾಡಿದ್ದೇವೆ ಅಂತ ಈಗ ಅನ್ನಿಸುತ್ತದೆ. ಬೈಯುವವರು ಬೈಯಿರಿ. ನಾವು ಮಲೆಯಾಳ ಅಕ್ಷರ ಕಲಿತದ್ದು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಬಸ್ಸಿನ ಬೋರ್ಡು ಓದಿ ಓದಿ. ಪಂಚಾಯತಿನಿಂದ ಪಿಂಚಣಿಯ ಪಟ್ಟಿ ಬಂದರೆ ಪಕ್ಕದ ಸಹೋದ್ಯೋಗಿಯ ಮುಖ ನೋಡುತ್ತಿದ್ದೆವು. ಅದರಲ್ಲಿ ಹೆಮ್ಮೆ ಪಡುವಂಥದ್ದು ಏನೂ ಇರಲಿಲ್ಲ.

ಆದರೆ ಆ ಪ್ರಾಯದಲ್ಲಿ ನಮಗೆ ಯಾರಾದರೂ ಮಲೆಯಾಳ ಕಲಿಸಿದ್ದರೇ? ಕನ್ನಡದ ಮೂಲಕ, ಮೆಟ್ಟಿಲು ಮೆಟ್ಟಿಲಾಗಿ, 'ನಿಮ್ಮದರಲ್ಲಿ ಹೀಗೆ, ಇದರಲ್ಲಿ ಹೀಗೆ' ಅಂತ? ಇಲ್ಲ. ಬದಲಿಗೆ ಆದದ್ದು ತಲೆಕೆಳಗು. ಕನ್ನಡ ಬಾರದ ಅಧ್ಯಾಪಕರನ್ನು ತಂದು ಕನ್ನಡ ಮಾಧ್ಯಮದ ಕ್ಲಾಸಿನಲ್ಲಿ ಗಣಿತ, ಸಮಾಜ ಕಲಿಸಲು ನಿಲ್ಲಿಸುವುದು. ಅದರ ವಿರುದ್ಧ ಮಕ್ಕಳೂ ಹೆತ್ತವರೂ ಗೇಟಿನ ಹೊರಗೆ ಕೂತದ್ದನ್ನು ಈ ಪುಟದವರು ಎಷ್ಟು ಸಲ ನೋಡಿಲ್ಲ. ಅದು ಮಲೆಯಾಳ ಕಲಿಸುವುದೂ ಅಲ್ಲ, ಗಣಿತ ಕಲಿಸುವುದೂ ಅಲ್ಲ.

ಕೇರಳಕ್ಕೆ ಸರಿಯಾದ ದಾರಿ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಎರ್ನಾಕುಳಂ ಜಿಲ್ಲೆಯಲ್ಲಿ 2017ರಿಂದ 'ರೋಶ್ನಿ' ಅನ್ನುವ ಯೋಜನೆ ಉಂಟು. ಒಡಿಶಾ, ಬಂಗಾಳ, ಬಿಹಾರದಿಂದ ಬಂದ ಕೂಲಿಕಾರರ ಮಕ್ಕಳಿಗೆ ಶಾಲೆಯ ಹೊತ್ತಿಗೆ ಮೊದಲು ಅವರದೇ ಭಾಷೆ ಬಲ್ಲ ಸ್ವಯಂಸೇವಕರು ಕೂತು, ಅವರ ಭಾಷೆಯಿಂದ ಮಲೆಯಾಳಕ್ಕೆ ಕೈಹಿಡಿದು ದಾಟಿಸುತ್ತಾರೆ. ದೊಡ್ಡವರಿಗೆ ಸಾಕ್ಷರತಾ ಮಿಷನ್ನಿನ 'ಚಙ್ಙಾತಿ' ಯೋಜನೆ. ಪೆರುಂಬಾವೂರಿನಲ್ಲಿ ಶುರುವಾದದ್ದು. 'ಹಮಾರಿ ಮಲಯಾಳಂ' ಅಂತ ಪುಸ್ತಕವನ್ನೇ ಮಾಡಿದರು. ಒಳ್ಳೆಯ ಕೆಲಸ, ನಾವು ಮನಸಾರೆ ಹೊಗಳುತ್ತೇವೆ. ವಲಸೆ ಬಂದ ಒಡಿಯಾ ಮಗುವಿಗೆ ಒಡಿಯಾ ಬಲ್ಲವರು ಬೇಕು ಅಂತ ತಿಳಿದ ಸರಕಾರಕ್ಕೆ, ಮಂಜೇಶ್ವರದ ಕನ್ನಡ ಮಗುವಿಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕು ಅಂತ ತಿಳಿಯಲು ಎಷ್ಟು ಹೊತ್ತು ಬೇಕು?

ಇಲ್ಲಿ ಯಾರಾದರೂ ಕೇಳಬಹುದು: ಜರ್ಮನಿಗೆ ಹೋದವಳು ಜರ್ಮನ್ ಕಲಿಯುತ್ತಾಳೆ, ಕೇರಳದಲ್ಲಿ ಇರುವವರು ಎಲ್ಲದಕ್ಕೂ ಮಲೆಯಾಳಕ್ಕೇ ಬರಬೇಕಪ್ಪ, ಅದರಲ್ಲೇನು? ನಮ್ಮ ಶಾಖೆಗೆ ಬರುವ ಒಬ್ಬ ಮೇಷ್ಟ್ರು ಇದನ್ನು ನಗುತ್ತಲೇ ಕೇಳಿದ್ದರು. ಇದಕ್ಕೆ ಉತ್ತರ ಆ ಹುಡುಗಿ ಕಳಿಸಿದ ಒಂದು ಫೋಟೋದಲ್ಲಿ ಸಿಕ್ಕಿತು.

ಅವಳು ಇರುವುದು ಜರ್ಮನಿಯ ಪೂರ್ವದ ತುದಿಯಲ್ಲಿ, ಬೌಟ್ಸನ್ ಅನ್ನುವ ಊರಿನಲ್ಲಿ. ಫೋಟೋದಲ್ಲಿ ಊರಿನ ಬೋರ್ಡು. ಮೇಲೆ ಬೌಟ್ಸನ್, ಕೆಳಗೆ ಇನ್ನೊಂದು ಹೆಸರು, ಬುಡಿಶಿನ್. "ಇದೆಂತ ಅಣ್ಣ, ನಮ್ಮ ಕುಂಬಳೆ ಸ್ಟೇಷನ್ನಿನ ಹಾಗೆ?" ಅಂತ ಕೇಳಿದ್ದಳು. ಹುಡುಕಿದೆವು. ಆ ಸೀಮೆಯಲ್ಲಿ ಸೋರ್ಬರು ಅನ್ನುವ ಜನ ಇದ್ದಾರೆ. ಸುಮಾರು 60,000 ಅನ್ನುತ್ತಾರೆ. ಅವರದು ಜರ್ಮನ್ ಅಲ್ಲ, ಪೋಲಿಷ್, ಚೆಕ್ ಭಾಷೆಗಳ ಬಳಗಕ್ಕೆ ಸೇರಿದ ಮಾತು. ಸಾವಿರ ವರ್ಷಕ್ಕೂ ಮೇಲೆ ಅಲ್ಲೇ ಇದ್ದವರು. ಸುತ್ತಲೂ ರಾಜ್ಯಗಳು ಬದಲಾದವು, ಅವರು ಎಲ್ಲಿಗೂ ಹೋಗಲಿಲ್ಲ. ನಾಜಿಗಳ ಕಾಲದಲ್ಲಿ ಆ ಭಾಷೆಯನ್ನೇ ಅಡಗಿಸಿದರು. ಇವತ್ತು ಸಾಕ್ಸನಿ ಮತ್ತು ಬ್ರಾಂಡನ್‌ಬುರ್ಗ್ ರಾಜ್ಯಗಳ ಸಂವಿಧಾನದಲ್ಲಿ ಅವರ ಹಕ್ಕು ಬರೆದಿದೆ. ಶಾಲೆ ಇದೆ, ಬೋರ್ಡು ಇದೆ. ಕೋರ್ಟಿನ ಭಾಷೆ ಜರ್ಮನ್ ಅಂತ ಹೇಳುವ ಅದೇ ಕಾನೂನಿನ ಕಲಮಿನಲ್ಲೇ, ಸೋರ್ಬರ ಸೀಮೆಯಲ್ಲಿ ಸೋರ್ಬಿಯನ್ ಮಾತಾಡುವ ಹಕ್ಕು ಅವರಿಗೆ ಉಂಟು ಅಂತ ಸೇರಿಸಿದ್ದಾರೆ.

ಬಡಗಣ ಗಡಿಯಲ್ಲಿ ಡೇನಿಷ್ ಮಾತಾಡುವ ಅಲ್ಪಸಂಖ್ಯಾತರು ಇದ್ದಾರೆ. ಅವರ ಹಕ್ಕಿನ ಬಗ್ಗೆ ಜರ್ಮನಿ, ಗಡಿಯಾಚೆಯ ಜರ್ಮನರ ಬಗ್ಗೆ ಡೆನ್ಮಾರ್ಕ್ ಘೋಷಣೆ ಹೊರಡಿಸಿದ್ದು 1955ರಲ್ಲಿ. ಮರುವರ್ಷ ನವೆಂಬರ್ ಒಂದಕ್ಕೆ ನಮ್ಮನ್ನು ಕೇರಳಕ್ಕೆ ಸೇರಿಸಿದರು. ಆ ಡೇನಿಷ್ ಜನರ ಪಕ್ಷಕ್ಕೆ ಶೇಕಡಾ 5 ಮತದ ಮಿತಿಯಿಂದ ವಿನಾಯಿತಿ ಉಂಟು, 2021ರಲ್ಲಿ ಅವರ ಒಬ್ಬ ಸದಸ್ಯ ಜರ್ಮನಿಯ ಸಂಸತ್ತಿಗೆ ಹೋದರು. ಅಲ್ಪಸಂಖ್ಯಾತ ಭಾಷೆಗಳ ಯುರೋಪಿನ ಸನ್ನದಿಗೂ ಜರ್ಮನಿ ಒಪ್ಪಿಗೆ ಕೊಟ್ಟಿದೆ. ಆ ಸನ್ನದು ಒಂದು ವಿಷಯ ಸ್ಪಷ್ಟವಾಗಿ ಹೇಳುತ್ತದೆ: ಇದು ಆ ನೆಲದಲ್ಲಿ ಮೊದಲಿನಿಂದ ಇರುವ ಭಾಷೆಗಳಿಗೆ, ವಲಸೆ ಬಂದವರ ಭಾಷೆಗಳಿಗೆ ಅಲ್ಲ. ಲಕ್ಷಾಂತರ ಜನರ ತುರ್ಕಿ ಭಾಷೆಗೆ ಅಲ್ಲಿ ಆ ರಕ್ಷಣೆ ಇಲ್ಲ, 60,000 ಜನರ ಸೋರ್ಬಿಯನ್ನಿಗೆ ಇದೆ. ತುರ್ಕಿಯವರಿಗೆ ಇದು ನ್ಯಾಯವೇ ಅನ್ನುವುದು ದೊಡ್ಡ ಚರ್ಚೆ, ಅದು ಇಲ್ಲಿ ಬೇಡ. ಆದರೆ ಮೇಷ್ಟ್ರ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಪೈವಳಿಕೆಯ ಹುಡುಗಿ ಬೌಟ್ಸನ್ನಿನಲ್ಲಿ ವಲಸೆಗಾರ್ತಿ. ಆ ದೇಶ ಅವಳಿಗೆ ಜರ್ಮನ್ ಕಲಿ ಅನ್ನುತ್ತದೆ, ಅವಳು ಒಪ್ಪಿ ಹೋದಳು, ಕಲಿಯುತ್ತಾಳೆ. ಅದೇ ಹುಡುಗಿ ಪೈವಳಿಕೆಯಲ್ಲಿ ಸೋರ್ಬಳು. ಅವಳ ಅಜ್ಜ ಯಾವ ಗಡಿಯನ್ನೂ ದಾಟಿ ಬಂದವರಲ್ಲ. ಇಲ್ಲಿ ಅವಳನ್ನು ವಲಸೆಗಾರ್ತಿಯ ಹಾಗೆ ನೋಡುವುದು ಲೆಕ್ಕ ತಪ್ಪಿದ ಹಾಗೆ. ಅದಕ್ಕಿಂತ ಬೇಸರದ್ದು ಏನೆಂದರೆ, ವಲಸೆಗಾರ್ತಿಗೆ ಸಿಗುವ ಗಂಟೆಗಟ್ಟಲೆ ಪಾಠ ಕೂಡ ಇಲ್ಲಿ ಸಿಗುವುದಿಲ್ಲ.

ಕಾಗದದಲ್ಲಿ ನಮಗೂ ಎಲ್ಲ ಉಂಟು. ಸಂವಿಧಾನದ 350ಎ ವಿಧಿ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ಸಿಗಲು ಅನುಕೂಲ ಮಾಡಿಕೊಡಿ ಅನ್ನುತ್ತದೆ, 350ಬಿ ಭಾಷಾ ಅಲ್ಪಸಂಖ್ಯಾತರಿಗೆ ವಿಶೇಷ ಅಧಿಕಾರಿ ಇರಬೇಕು ಅನ್ನುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಕನ್ನಡದಲ್ಲೇ ಉತ್ತರ ಪಡೆಯಬಹುದು. ನಮ್ಮಲ್ಲಿ ಎಷ್ಟು ಜನ ಬರೆಯುತ್ತೇವೆ? "ಮಲೆಯಾಳದಲ್ಲಿ ಕೊಟ್ರೆ ಬೇಗ ಆಗ್ತದೆ" ಅಂತ ನಾವೇ ಅರ್ಜಿ ಬರೆಸಿಕೊಳ್ಳುತ್ತೇವೆ.

ಅವಳ ಇನ್ನೊಂದು ವಾಯ್ಸ್ ಮರೆಯಲು ಆಗುವುದಿಲ್ಲ. ವಾರ್ಡಿನಲ್ಲಿ ಮರೆವಿನ ಕಾಯಿಲೆಯ ಒಬ್ಬ ಅಜ್ಜಿ ಇದ್ದರು. ಎರಡು ದಿನ ಯಾರು ಏನು ಕೇಳಿದರೂ ಉತ್ತರ ಇಲ್ಲ, ಮಾತ್ರೆ ಕೊಟ್ಟರೆ ಕೈ ತಳ್ಳುತ್ತಾರೆ, ಏನೋ ಗೊಣಗುತ್ತಾರೆ. ಇವಳು ತನ್ನ ಜರ್ಮನ್ನೇ ಸರಿ ಇಲ್ಲ ಅಂದುಕೊಂಡಳು. ಮೂರನೇ ದಿನ ಬೇರೆ ಶಿಫ್ಟಿನ ಒಬ್ಬ ಸಿಸ್ಟರ್ ಬಂದು ಕೇಳಿ, "ಇವರು ಸೋರ್ಬಿಯನ್ ಮಾತಾಡ್ತಿದ್ದಾರೆ" ಅಂದರಂತೆ. ಜರ್ಮನ್ ಮರೆತುಹೋಗಿ ಅಮ್ಮನ ಮನೆಯ ಮಾತು ಮಾತ್ರ ಉಳಿದಿತ್ತು. ಆ ಸಿಸ್ಟರ್ ಪಕ್ಕದಲ್ಲಿ ಕೂತು ಅದೇ ಮಾತಿನಲ್ಲಿ ಏನೋ ಹೇಳಿದರು, ಅಜ್ಜಿ ಬಾಯಿ ತೆರೆದು ಮಾತ್ರೆ ನುಂಗಿದರು. ಇವಳು ಆ ಸಿಸ್ಟರ್ ಹತ್ತಿರ ನಾಲ್ಕು ಪದ ಬರೆಸಿಕೊಂಡಳು. ನೀರು, ನೋವು, ಊಟ, ಮಲಗಿ. ಕನ್ನಡ ಲಿಪಿಯಲ್ಲಿ ಬರೆದು ಕಿಸೆಯಲ್ಲಿ ಇಟ್ಟುಕೊಂಡಿದ್ದಾಳೆ. "ನಮ್ಮ ಅಜ್ಜಿಯನ್ನು ಕೊನೆಗೆ ಆಸ್ಪತ್ರೆಯಲ್ಲಿ ಇಟ್ಟಾಗ ಅವರ ಮಾತು ಅಲ್ಲಿ ಯಾರಿಗೂ ಅರ್ಥ ಆಗ್ತಿರ್ಲಿಲ್ಲ ಅಣ್ಣ. ನಾನು ಆಗ ಪ್ಲಸ್ ಟೂ. ಕ್ಲಾಸ್ ಬಿಟ್ಟು ಹೋಗಿ ಹೇಳ್ತಿದ್ದೆ, ಅಜ್ಜಿಗೆ ನೀರು ಬೇಕಂತೆ ಅಂತ."

ಇಷ್ಟು ಬರೆದ ಮೇಲೆ ನಿನ್ನೆ ಆ ತಂದೆಗೆ ಫೋನ್ ಮಾಡಿದೆವು. ಮಗಳ ನೋಟ್‌ಬುಕ್ಕಿನ ಕಥೆ ಹೇಳಿದೆವು, ವಿಭಕ್ತಿಯ ಕಥೆ. ಅವರಿಗೆ ಅದು ಗೊತ್ತಿರಲಿಲ್ಲ, ಖುಷಿಯಾಯಿತು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅದೆಲ್ಲ ಸರಿ ಸಾರ್. ಅವಳಿಗೆ ಕಲಿಸಿದ ಪಂಡಿತರು ರಿಟೈರ್ ಆದ ಮೇಲೆ ಆ ಪೋಸ್ಟಿಗೆ ದಿನಗೂಲಿಯವರೇ ಬರ್ತಿರುವುದು. ಹೋದ ವರ್ಷ ನಾಲ್ಕು ತಿಂಗಳು ಯಾರೂ ಇರ್ಲಿಲ್ಲ. ಮಲೆಯಾಳ ಕಲಿಸ್ಲಿಕ್ಕೆ ಬಂದವರಿಗೆ ಕನ್ನಡ ಬರುವುದಿಲ್ಲ. ಅದಕ್ಕೆ ಎಂತ ಹೇಳ್ತೀರಿ?"

ಹೇಳಲು ನಮ್ಮ ಹತ್ತಿರ ಏನೂ ಇರಲಿಲ್ಲ. ಈ ಭಾನುವಾರ ಆ ಶಾಲೆಯ ಪಿಟಿಎ ಸಭೆ ಉಂಟು. ಅವರು ಬರುತ್ತೇನೆ ಅಂದಿದ್ದಾರೆ, ನಾವು ನಾಲ್ಕು ಜನ ಹಳೆ ವಿದ್ಯಾರ್ಥಿಗಳೂ ಹೋಗುತ್ತೇವೆ. ಎರಡು ಅರ್ಜಿ ಬರೆದಿಟ್ಟಿದ್ದೇವೆ. ಖಾಲಿ ಇರುವ ಕನ್ನಡ ಹುದ್ದೆ ತುಂಬಲು ಒಂದು, ಕನ್ನಡ ಬಲ್ಲ ಮಲೆಯಾಳ ಅಧ್ಯಾಪಕರನ್ನು ಕೊಡಿ ಅಂತ ಇನ್ನೊಂದು. ಎರಡೂ ಕನ್ನಡದಲ್ಲಿವೆ. ಉತ್ತರವೂ ಕನ್ನಡದಲ್ಲೇ ಬೇಕು ಅಂತ ಕೊನೆಯ ಸಾಲಿನಲ್ಲಿ ಕಾಯ್ದೆಯ ಹೆಸರು ಹಾಕಿ ಬರೆದಿದ್ದೇವೆ. ಶಾಲೆ ತೆರೆಯಲು ಇನ್ನು ಹತ್ತು ದಿನ ಉಂಟು. ಸಣ್ಣವನ ಟಿಸಿ ಅರ್ಜಿಯನ್ನು ಅಲ್ಲಿಯವರೆಗೆ ಕೊಡುವುದಿಲ್ಲ ಅಂತ ಅವರು ಒಪ್ಪಿದ್ದಾರೆ.